ನನ್ನ ಪರವಾಗಿ ಮುಗಿದ ಕೈ

"ನಿನ್ನ ಹಸಿವಿಗೆ ನಾನು ಉಂಡ್ರೆ ಹೊಟ್ಟೆ ತುಂಬ್ತದಾ ಮಾರಾಯ?" ಕಿಗ್ಗದ ದೇವಸ್ಥಾನದೆದುರು ನನ್ನ ಜೀಪಿನಿಂದ ಇಳಿಯುತ್ತಿದ್ದ ಅಜ್ಜಿ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ಶೃಂಗೇರಿಯಿಂದ ಕರೆತಂದವರಿಗೆಲ್ಲ ಹೇಳುವಂತೆ ಅವರಿಗೂ, "ನಂಗೆ ಪುರುಸೊತ್ತಿಲ್ಲ ಅಮ್ಮ, ನನ್ನ ಪರವಾಗಿಯೂ ಕೈ ಮುಗಿದು ಬನ್ನಿ" ಎಂದಿದ್ದೆ.

ಹನ್ನೊಂದು ವರ್ಷ ಅಲ್ಲಿಗೆ ಜೀಪು ಓಡಿಸಿದರೂ ಒಳಗೆ ಹೋದವನಲ್ಲ. ಅಂದು ಅಜ್ಜಿಯ ಹಿಂದೆಯೇ ಹೋದೆ. ಅವರು ಮನೆಯವರೊಡನೆ ಮಾತಾಡುವಂತೆ ದೇವರೆದುರು ಪಿಸುಗುಟ್ಟುತ್ತಿದ್ದರು. ನಾನೂ ಕಣ್ಣು ಮುಚ್ಚಿದೆ. ಮುಂದಿನ ಟ್ರಿಪ್ಪು, ಸವೆದ ಟಯರು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹೆಂಡತಿಗಾಗಿ ಬೇಡಿಕೊಳ್ಳಲೂ ಮಾತು ಹೊರಡಲಿಲ್ಲ.

ಅವಳು ಉಳಿಯಲಿಲ್ಲ. ಈಗ ದಿನಾ ಒಳಗೆ ಹೋಗಿ ನಿಲ್ಲುತ್ತೇನೆ. ದೇವರೊಡನೆ ಮಾತಾಡುವುದು ಮಾತ್ರ ಇನ್ನೂ ಬಂದಿಲ್ಲ.