ಅಪ್ಪ ಬರೆಯಲಾರದ ಇಂಗ್ಲಿಷ್ ಶಬ್ದ

ನಮ್ಮಪ್ಪ ಧಾರವಾಡದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ಶಬ್ದ ಬರೆಯಬೇಕಾದಲ್ಲಿ ಅದರ ನೆರೆಮನೆಯ ಶಬ್ದ ಬರೆದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರರು. ‘ಪೋಸ್ಟ್‌ಪೋನ್’ ಅಂದರೆ ಇನ್ನೊಂದು ದಿನಕ್ಕೆ ಮುಂದೆ ಹಾಕುವುದು, ‘ಡಿಫರ್’ ಅಂದರೆ ಸದ್ಯಕ್ಕೆ ತಡೆಯುವುದು, ‘ಅಡ್ಜರ್ನ್’ ಕೋರ್ಟಿನವರಿಗೆ ಬಿಟ್ಟದ್ದು, ‘ಕ್ಯಾನ್ಸಲ್’ ಅಂದರೆ ಮುಗಿಯಿತು. ಊಟಕ್ಕೆ ಕೂತಾಗಲೂ ನಮಗೆ ಇದೇ ಪಾಠ. ಅಂಥವರು ಅಕ್ಕನ ಲಗ್ನದ ವಿಷಯದಲ್ಲಿ ಹೇಗೆ ನಡೆದುಕೊಂಡರೆಂದು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ, ಅದರ ಬೆನ್ನಿಗೇ ಅಳುವೂ ಬರುತ್ತದೆ.

ಲಗ್ನ ಹತ್ತಿರ ಬಂದಾಗ ದೇವಕಾರ್ಯ ಮುಗಿಸಿ ಅಕ್ಕನ ಕೈಗೆ ಹಸಿರು ಬಳೆ ಇಡಿಸಿದೆವು. ಬಳೆಗಾರ ಕೈ ಹಿಂಡಿ ಹಿಂಡಿ ಏರಿಸಿದ ಬಿಗಿ ಬಳೆಗಳು. ಅವನ್ನು ತೊಟ್ಟ ಹುಡುಗಿ ತಲೆಯ ಮೇಲೆ ಲಗ್ನದ ಅಕ್ಕಿಕಾಳು ಬೀಳುವ ತನಕ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಮರುದಿನವೇ ಹುಬ್ಬಳ್ಳಿಯಿಂದ ವರನ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ಸೂತಕ. ಅಪ್ಪ ಪುಣೆಯಲ್ಲಿದ್ದ ನಮ್ಮ ಸೋದರಮಾವನಿಗೆ ತಂತಿ ಕೊಟ್ಟರು: ಲಗ್ನ ‘ಪೋಸ್ಟ್‌ಪೋನ್ಡ್’. ಆಗ ಅದು ಸರಿಯಾದ ಶಬ್ದವೇ.

ಸೂತಕ ಕಳೆದರೂ ಬೀಗರು ಹೊಸ ಮುಹೂರ್ತ ಹೇಳಲಿಲ್ಲ. ಅಪ್ಪ ತಾವೇ ಹುಬ್ಬಳ್ಳಿಗೆ ಹೋಗಿ ಬಂದರು. ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ, ನೀವು ಬೇರೆ ಕಡೆ ನೋಡಿಕೊಳ್ಳಿ ಎಂದು ಅವರು ಮುಖಕ್ಕೇ ಹೇಳಿ ಕಳಿಸಿದ್ದರು. ಅಪ್ಪ ಅದನ್ನು ಅವ್ವನಿಗೆ ಹೇಳುವಾಗ ಅಕ್ಕ, ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆವು. ಇಷ್ಟಾದರೂ ಮಾಮಾ ವಿಚಾರಿಸಿದಾಗ ಅಪ್ಪ ಬರೆದದ್ದು ‘ಡಿಫರ್ಡ್’ ಎಂದು!

ಅವ್ವನಿಗೂ ಅದೇ ಬೇಕಿತ್ತು. “ಬಳಿ ಇಟ್ಟ ಮ್ಯಾಲೆ ಲಗ್ನ ಮುರೀತು ಅಂದ್ರ ಈಕಿನ್ನ ಯಾರು ಮಾಡ್ಕೋತಾರ? ಆ ಬಳಿ ತಗ್ಯೂದರ ಹ್ಯಾಂಗ? ಒಡದ್ವು ಅಂದ್ರ ಮುತ್ತೈದಿ ಆಗೂ ಕೂಸಿಗೆ ಅಪಶಕುನ” ಎಂದು ಕಣ್ಣೊರೆಸಿಕೊಳ್ಳುವಳು. ಹೀಗೆ ಇಂಗ್ಲಿಷಿನಲ್ಲಿ ಲಗ್ನ ಜೀವ ಹಿಡಿದುಕೊಂಡಿತ್ತು. ಅಕ್ಕ ಮಾತ್ರ ಬಳೆ ತೊಟ್ಟು ಒಳಗೇ ಕೂತಿದ್ದಳು. ಲಗ್ನ ಗೊತ್ತಾಯಿತೆಂದು ಬಿಟ್ಟುಕೊಟ್ಟಿದ್ದ ಮಾಸ್ತರಿಕೆಯ ತರಬೇತಿಗೆ ಮತ್ತೆ ಹೆಸರು ಹಚ್ಚುವ ದಿನ ಬರುತ್ತಿತ್ತು. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಆಕೆ ಕಿಟಕಿಯ ಹತ್ತಿರ ಸುಳಿಯುವುದನ್ನೂ ಬಿಟ್ಟಳು. ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಲಗ್ನಕ್ಕೆಂದು ಶ್ರಾವಣದಲ್ಲಿ ರಜೆ ತೆಗೆಯಲೋ ಬೇಡವೋ ಎಂದು ಮಾಮಾ ಮತ್ತೆ ಕೇಳಿದ. ಅಪ್ಪ ತಂತಿಯ ಕಾಗದ ಮುಂದಿಟ್ಟುಕೊಂಡು ಡಿಕ್ಷನರಿ ತಿರುವತೊಡಗಿದರು. ಇನ್ನೂ ಮೆತ್ತಗಿನ ಶಬ್ದ ಬೇಕಿತ್ತು ಅವರಿಗೆ. ಅಕ್ಕ ಎಣ್ಣೆಯ ಬಟ್ಟಲು ತೆಗೆದುಕೊಂಡು ಬಚ್ಚಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಬಂದಾಗ ಮುಂಗೈ ಕೆಂಪಗೆ ಬಾತು ಚರ್ಮ ಸುಲಿದಿತ್ತು. ಬಳೆಗಳನ್ನೆಲ್ಲ ಡಿಕ್ಷನರಿಯ ಮೇಲೆ ಇಟ್ಟಳು.

“ಒಂದೂ ಒಡದಿಲ್ಲಪಾ. ಅವ್ವಗ ಅಂಜಬ್ಯಾಡ ಅಂತ ಹೇಳ್ರಿ.”

“ಮಗಳ, ಆ ಶಬ್ದ ನನ್ನ ಕೈಲೆ ಬರ್ಯಾಕ ಆಗವಲ್ದು” ಎಂದರು ಅಪ್ಪ.

“ನೀವು ಶಬ್ದ ಹುಡುಕಾಕತ್ತೀರಿ, ನಾ ಮನ್ಯಾಗ ಕೂತೇನಿ. ನಿಮ್ಮ ಹುಡುಗರು ಹಿಂಗ ತಪ್ಪು ಬರದ್ರ ಬೆಂಚಿನ ಮ್ಯಾಲೆ ನಿಲ್ಲಸ್ತೀರಿ. ಖರೇ ಶಬ್ದ ಬರೀರಿ.”

ಅಪ್ಪ ‘ಕ್ಯಾನ್ಸಲ್ಡ್’ ಎಂದು ಬರೆದರು. ಹುಡುಗರ ಪೇಪರಿಗೆ ಎಳೆದ ಹಾಗೆ ಅದರ ಕೆಳಗೊಂದು ಗೆರೆ ಎಳೆದು, ಅಂಚೆಗೆ ಒಯ್ಯಲೆಂದು ನನ್ನ ಕಡೆ ಚಾಚಿದರು. ಅಕ್ಕ ನಡುವೆಯೇ ಇಸಿದುಕೊಂಡಳು. ಅವ್ವ “ಬರಿಗೈಲೆ ಹೋಗಬ್ಯಾಡ” ಎಂದು ಒಳಗೆ ಓಡಿ ತನ್ನ ಹಳೆಯ ಸಡಿಲ ಬಳೆ ಎರಡು ತರುವಷ್ಟರಲ್ಲಿ ಅಕ್ಕ ಹೊಸ್ತಿಲು ದಾಟಿ ಆಗಿತ್ತು.