ಒಂದೇ ಅಳತೆಯ ಎರಡು ನೀಲಿ ಮೀನು

ಕಳಂಬೋಲಿಯ ಲೋಖಂಡ್ ಬಜಾರಿನಲ್ಲಿ, ಅಂದರೆ ಕಬ್ಬಿಣದ ಪೇಟೆಯಲ್ಲಿ, ಹಮಾಲರ ಜೋಡಿ ಕಟ್ಟುವುದು ಹೆಗಲಿನ ಅಳತೆ ನೋಡಿ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಹಮಾಲರನ್ನು ನಡೆಸುವ ಮುಕಾದಮ ಹೆಗಲ ಮೇಲೆ ಒಂದು ಕೋಲು ಇಡುತ್ತಾನೆ. ಕೋಲು ಮಟ್ಟವಾಗಿ ಕೂತರೆ ಜೋಡಿ. ಜಾತಿ, ಊರು, ಕುಡಿತ, ಬಾಯಿ ಎಲ್ಲ ಆಮೇಲಿನ ಮಾತು. ಇಪ್ಪತ್ತಡಿ ಕಬ್ಬಿಣ ಹೊತ್ತು ನಡೆಯುವಾಗ ಒಂದು ಹೆಗಲು ನಾಲ್ಕು ಬೆರಳು ತಗ್ಗಿದ್ದರೂ ಭಾರ ಆ ಕಡೆಗೇ ಜಾರುತ್ತದೆ.

ಮಹಾದೇವಪ್ಪ ಮತ್ತು ರೇವಣಸಿದ್ದರ ಹೆಗಲ ಮೇಲೆ ಆ ಕೋಲು ಹದಿನಾಲ್ಕು ವರ್ಷ ಮಟ್ಟವಾಗಿ ಕೂತಿತ್ತು. ಇಬ್ಬರೂ ವಿಜಾಪುರದ ಕಡೆಯವರು, ಒಂದೇ ಟೋಳಿ, ಒಂದೇ ಗುಂಪು. ರೇವಣಸಿದ್ದ ಮುಂದೆ, ಮಹಾದೇವಪ್ಪ ಹಿಂದೆ. ಇಳಿಸುವಾಗ ಮುಂದಿನವನು ‘ಹೂಂ’ ಅನ್ನಬೇಕು, ಇಬ್ಬರೂ ಒಂದೇ ಉಸಿರಿಗೆ ಹೆಗಲು ಬಿಡಬೇಕು. ಒಬ್ಬ ಮೊದಲು ಬಿಟ್ಟರೆ ಕಬ್ಬಿಣ ಪುಟಿದು ಇನ್ನೊಬ್ಬನ ಕುತ್ತಿಗೆಗೆ ಬಡಿಯುತ್ತದೆ. ಮಹಾದೇವಪ್ಪನಿಗೆ ರೇವಣಸಿದ್ದನ ಮುಖಕ್ಕಿಂತ ಬೆನ್ನೇ ಹೆಚ್ಚು ಗೊತ್ತಿತ್ತು.

2008ರ ಮೇ ತಿಂಗಳಲ್ಲಿ ಕ್ರೇನಿನ ತಂತಿ ಹಗ್ಗ ಹರಿದು ರೇವಣಸಿದ್ದ ಸತ್ತ. ಹಗ್ಗದ ಎಳೆಗಳು ಕಿತ್ತು ನಿಂತದ್ದು ವಾರದಿಂದ ಎಲ್ಲರ ಕಣ್ಣಿಗೂ ಬಿದ್ದಿತ್ತು. ಕೆಳಗೆ ಯಾಕೆ ನಿಂತಿದ್ದ ಎಂದು ಕಬ್ಬಿಣದ ವ್ಯಾಪಾರಿ ಕೇಳಿದ. ಕೆಲಸವೇ ಕೆಳಗಿದ್ದರೆ ಮನುಷ್ಯ ಇನ್ನೆಲ್ಲಿ ನಿಲ್ಲಬೇಕು? ಟೋಳಿಯವರು ಎರಡು ದಿನ ಗೇಟು ಅಡ್ಡಗಟ್ಟಿ ಕೂತರು. ಮೂರನೆಯ ದಿನ ಹೊಸ ಹಗ್ಗ ಬಂತು. ನಾಲ್ಕನೆಯ ದಿನ ಎಲ್ಲರೂ ಕೆಲಸಕ್ಕೆ ಹೋದರು, ಮಹಾದೇವಪ್ಪನೊಬ್ಬ ಹೋಗಲಿಲ್ಲ.

ಅವನು ಅಳಲಿಲ್ಲ. ಸಿಟ್ಟಿಗೂ ಏಳಲಿಲ್ಲ. ಅವನ ಎಡ ಹೆಗಲಿನ ಚರ್ಮ ಕಬ್ಬಿಣ ಉಜ್ಜಿ ಉಜ್ಜಿ ಎಮ್ಮೆಯ ತೊಗಲಿನಂತಾಗಿತ್ತು, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಈಗ ಮೈಯೆಲ್ಲ ಆ ಹೆಗಲಿನ ಹಾಗೆ. ಬೆಳಿಗ್ಗೆ ಏಳುತ್ತಿದ್ದ, ಕೊಟ್ಟ ರೊಟ್ಟಿ ತಿನ್ನುತ್ತಿದ್ದ, ಗೋಡೆಗೆ ಒರಗುತ್ತಿದ್ದ. ಹೆಂಡತಿ ಗುರಮ್ಮ ನಾಲ್ಕು ಮನೆಯ ಪಾತ್ರೆ ತಿಕ್ಕಿ ಸಂಸಾರ ನೂಕುತ್ತಿದ್ದಳು.

ರೇವಣಸಿದ್ದನ ಹೆಂಡತಿ ಮಾಲಾ ಸಿಂದಗಿಗೆ ತವರಿಗೆ ಹೊರಟಾಗ ಮೀನು ಸಾಕುವ ಮೂರಡಿ ಉದ್ದದ ಗಾಜಿನ ಪೆಟ್ಟಿಗೆಯೊಂದನ್ನು ಇವನ ಬಾಗಿಲಿಗೆ ತಂದಿಳಿಸಿದಳು.

“ಅಣ್ಣಾ, ಆರು ಇದ್ದುವು. ಅವರ ಕಾರ್ಯಕ್ಕ ನಾ ಹದಿನೈದು ದಿನ ಊರಾಗ ಇದ್ದೆ, ಯಾರೂ ನೋಡಲಿಲ್ಲ, ಒಂದ ಉಳಿದೈತಿ,” ಎಂದಳು. “ಅವರು ಹೆಂಡ್ತಿ ಮಾರಿ ನೋಡಿದ್ದಕ್ಕಿಂತ ಇದರ ಮಾರಿ ನೋಡಿದ್ದ ಹೆಚ್ಚು. ನನಗ ಬ್ಯಾಡ.”

ಒಳಗೆ ಬೆರಳುದ್ದದ ನೀಲಿ ಮೀನು, ಮೈಮೇಲೆ ಕಪ್ಪು ಪಟ್ಟೆ. ರೇವಣಸಿದ್ದ ಮೂಲೆಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗವಿ ಕಟ್ಟಿದ್ದ. ಮೀನು ಅದರ ಬಾಯಲ್ಲೇ ನಿಂತಿರುತ್ತಿತ್ತು. ಮಹಾದೇವಪ್ಪ ಎದುರು ಕೂತು ದಿನಗಟ್ಟಲೆ ನೋಡಿದ.

ಆಗಸ್ಟಿನ ಒಂದು ದಿನ ಮುಕಾದಮ ಭೀಮಾಶಂಕರ ಮನೆಗೆ ಬಂದ. ಜೊತೆಗೆ ರೇವಣಸಿದ್ದನ ತಮ್ಮ ಸಿದ್ರಾಮ, ಊರಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಸತ್ತವನ ಜಾಗ ಅವನ ಮನೆಯವರಿಗೆ ಎಂಬುದು ಟೋಳಿಯ ಕಟ್ಟಳೆ.

“ಮಾದೇವಾ, ಮಾಲಾನ ಹೊಟ್ಟಿ ಇನ್ನ ಈ ಹುಡುಗನ ಹೆಗಲ ಮ್ಯಾಲ ಅದ,” ಎಂದ ಭೀಮಾಶಂಕರ. “ಉಳಿದವರೆಲ್ಲ ಜೋಡಿ ಅದಾರ. ಇವಂಗ ನೀನ ಬೇಕು.”

ಮಹಾದೇವಪ್ಪ ಕೂತಲ್ಲಿಂದಲೇ ಸಿದ್ರಾಮನನ್ನು ಅಳೆದ. “ನಾಕ ಬೆರಳ ಎತ್ತರ ಅದಾನ. ಹೆಗಲ ಕೂಡೂದಿಲ್ಲ.”

“ಹೆಗಲ ಕೂಡೂದಿಲ್ಲೋ, ಮನಸ ಕೂಡೂದಿಲ್ಲೋ?”

ಮಹಾದೇವಪ್ಪ ಮೀನಿನ ಕಡೆ ತಿರುಗಿ ಕೂತ.

“ಟೋಳಿಯೊಳಗ ಒಂಟಿ ಮನುಷ್ಯಾಗ ಕೆಲಸ ಇಲ್ಲ, ನಿನಗೂ ಗೊತ್ತದ. ನಾಡದ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದ ಮಟ ಕಾಯ್ತೀನಿ. ಆಮ್ಯಾಲ ನಿಂದೂ ಇವಂದೂ ಎರಡೂ ಜಾಗಾ ಬ್ಯಾರೆಯವರಿಗೆ ಹೋಗ್ತಾವ. ನನ್ನ ಮ್ಯಾಲ ಸಿಟ್ಟಾಗಬ್ಯಾಡ.”

ಸಿಟ್ಟಾಗಲು ಮಹಾದೇವಪ್ಪನಲ್ಲಿ ಏನೂ ಇರಲಿಲ್ಲ.

ಮರುದಿನ ಭಾನುವಾರ. ಅವನು ಮೀನಿನ ಉದ್ದವನ್ನು ಗಾಜಿನ ಹೊರಗಿನಿಂದಲೇ ಒಂದು ಪೊರಕೆ ಕಡ್ಡಿಯಿಂದ ಅಳೆದ, ಕಡ್ಡಿ ಮುರಿದು ಜೇಬಿಗಿಟ್ಟ, ಬಸ್ಸು ಹತ್ತಿ ಕೋಪರಖೈರಣೆಗೆ ಹೊರಟ.

“ಮೀನಿಗೆ ಜೋಡಿ ಹುಡುಕಾಕ ಕೋಪರಖೈರಣಿತನಕ ಕಾಲ ಬರ್ತಾವ,” ಎಂದಳು ಗುರಮ್ಮ. “ಬಜಾರಿಗೆ ಹೋಗು ಅಂದ್ರ ಮುರೀತಾವ.”

ಕೋಪರಖೈರಣೆಯಲ್ಲಿ ಕುಶಲನ ಮೀನಿನ ಅಂಗಡಿ. ಕುಂದಾಪುರದ ಕಡೆಯವನು, ಮೊದಲು ಠಾಣೆಯ ನೌಪಾಡಾದಲ್ಲಿ ಹೋಟೆಲು ಕೆಲಸಕ್ಕಿದ್ದವನು. ಭಾನುವಾರದ ನೂಕುನುಗ್ಗಲು. ಮಹಾದೇವಪ್ಪ ಕಡ್ಡಿಯನ್ನು ಗಾಜಿಗೆ ಹಿಡಿದು ಹಿಡಿದು, ಅದೇ ಬಣ್ಣ, ಅದೇ ಪಟ್ಟೆ, ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದ್ದೊಂದನ್ನು ತೋರಿಸಿದ. ಮನೆಯಲ್ಲಿ ಏನಿದೆ ಎಂದು ಕುಶಲ ಕೇಳಲಿಲ್ಲ, ಇವನು ಹೇಳಲಿಲ್ಲ. ಹೆಗಲು ಸರಿ ಇದ್ದರೆ ಜೋಡಿ ಸರಿ ಎಂಬುದು ಇಪ್ಪತ್ತು ವರ್ಷ ಕಬ್ಬಿಣ ಹೊತ್ತವನ ಲೆಕ್ಕ.

ಸೋಮವಾರ ಬೆಳಿಗ್ಗೆ ಹೊಸ ಮೀನು ನೀರಿನ ಮೇಲೆ ಅಡ್ಡ ಬಿದ್ದಿತ್ತು. ಬಾಲ ಇರಲಿಲ್ಲ, ಒಂದು ಕಣ್ಣೂ ಇರಲಿಲ್ಲ. ಹಳೆಯದು ಗವಿಯ ಬಾಯಲ್ಲಿ ಎಂದಿನಂತೆ ನಿಂತಿತ್ತು. ಮಹಾದೇವಪ್ಪ ಸತ್ತದ್ದನ್ನು ಕೈಯಲ್ಲಿ ಎತ್ತಿ ನೋಡಿದ. ತನಗೆ ಏನಾದರೂ ಆಗುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಗಟಾರಕ್ಕೆ ಹಾಕಿ ಕೈ ತೊಳೆದುಕೊಂಡ.

ವಾರವೆಲ್ಲ ಹಾಗೇ ಕಳೆಯಿತು. ಗುರಮ್ಮ ಮಾತು ಬಿಟ್ಟಳು. ಶನಿವಾರ ಸಿದ್ರಾಮ ಬಂದು ಹೊಸ್ತಿಲಲ್ಲಿ ನಿಂತು, “ಕಾಕಾ, ಸೋಮವಾರ ಬರ್ತೀರಿಲ್ಲೋ? ಇಲ್ಲಂದ್ರ ನಾ ಊರಿಗೆ ಹೋಗ್ತೀನ್ರಿ, ಮಾಲಾ ವೈನಿಗೂ ಹೇಳ್ಬೇಕು,” ಎಂದು ಕೇಳಿ ಹೋದ. ಭಾನುವಾರ ಮಹಾದೇವಪ್ಪ ಮತ್ತೆ ಕುಶಲನ ಅಂಗಡಿಯ ಮುಂದೆ ನಿಂತಿದ್ದ.

“ನೀವು ಕೊಟ್ಟಿದ್ದು ಸತ್ತ ಹೋತ್ರಿ.”

“ಮನೆಯಲ್ಲಿ ಮೊದಲು ಎಂತ ಉಂಟು?”

“ಅಂಥಾದ್ದ ಒಂದು. ಅದ ಅಳತಿ, ಅದ ಬಣ್ಣ. ಕಡ್ಡಿ ಹಿಡಿದು ನೋಡೀನ್ರಿ.”

ಕುಶಲ ಹಣೆ ಬಡಿದುಕೊಂಡ. “ಅಯ್ಯೋ ಮಾರಾಯ್ರೆ! ಕಡ್ಡಿ ಹಿಡಿದು ಕೊಂದ್ರಲ್ಲ. ಇದು ಸಿಕ್ಲಿಡ್ ಜಾತಿ, ಆಫ್ರಿಕದ್ದು. ಇವಕ್ಕೆ ಕಲ್ಲೇ ಮನೆ, ಕಲ್ಲೇ ಆಸ್ತಿ. ತನ್ನ ಹಾಗೇ ಇರುವ ಇನ್ನೊಂದು ಗಂಡು ಕಂಡ್ರೆ ಮನೆ ಕಸಿಯಲಿಕ್ಕೇ ಬಂದದ್ದು ಅಂತ ಲೆಕ್ಕ. ಸೇಮ್ ಟು ಸೇಮ್ ಇದ್ದಷ್ಟೂ ಜಗಳ ಜೋರು.”

“ಹಂಗಾರ ಗೋಲ್ಡ್ ಫಿಶ್ ಬಿಡ್ಲೇನ್ರಿ? ಅದು ಬ್ಯಾರೆ ಥರಾ ಅದ.”

“ಗೋಲ್ಡ್ ಫಿಶ್ ಪಾಪದ ಪ್ರಾಣಿ. ಅದನ್ನು ಬಿಡುವುದೂ ಒಂದೇ, ಹುರಿದು ತಟ್ಟೆಯಲ್ಲಿ ಕೊಡುವುದೂ ಒಂದೇ. ಏಂಜಲ್ ಮೀನಿನ ರೆಕ್ಕೆ ಹರಿದು ಹಾಕ್ತದೆ. ಇವುಗಳ ಜೊತೆ ಇವುಗಳಷ್ಟೇ ಗಟ್ಟಿಯವೇ ಬೇಕು, ಆದ್ರೆ ಬಣ್ಣ ಬೇರೆ, ಆಕಾರ ಬೇರೆ. ಮತ್ತೆ ಒಂದಲ್ಲ, ಆರು ಒಟ್ಟಿಗೇ ಬಿಡಬೇಕು. ಎರಡೇ ಇದ್ರೆ ಒಂದು ಇನ್ನೊಂದರ ಜೀವ ತೆಗೀತದೆ. ಏಳಿದ್ರೆ ಯಾರನ್ನು ಓಡಿಸುವುದು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ನಾವು ಹೋಟೆಲಿನವರು ಹನ್ನೊಂದು ಜನ ಒಂದು ಖೋಲಿಯಲ್ಲಿ ಮಲಗಿದವರು. ಜಗಳಕ್ಕೆ ಎದ್ದು ನಿಲ್ಲಲಿಕ್ಕಾದ್ರೂ ಜಾಗ ಬೇಕಲ್ಲ?”

ಹಳದಿಯ ಎರಡು, ಕೇಸರಿಯ ಎರಡು, ಬಿಳಿಯ ಎರಡು ತೆಗೆದು ಚೀಲಕ್ಕೆ ಗಾಳಿ ತುಂಬಿ ಕಟ್ಟಿದ. ಕೊಡುವಾಗ ಹೇಳಿದ:

“ಇನ್ನೊಂದು ಮಾತು. ಇವನ್ನು ಬಿಡುವ ಮೊದಲು ಒಳಗಿನ ಕಲ್ಲೆಲ್ಲ ತೆಗೆದು ಬೇರೆ ಕಡೆ ಜೋಡಿಸಿ. ಹಳೆಯವನಿಗೂ ಮನೆ ಹೊಸತಾಗಬೇಕು. ಇದು ನನ್ನ ಜಾಗ ಅನ್ನಲಿಕ್ಕೆ ಅವನಿಗೆ ಎಂತದೂ ಉಳಿಯಬಾರದು. ಮತ್ತೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.”

ಮನೆಗೆ ಬಂದು ಮಹಾದೇವಪ್ಪ ತೋಳು ಮಡಚಿ ನೀರಿಗೆ ಕೈ ಹಾಕಿದ. ಗವಿಯ ಮೇಲಿನ ಕಲ್ಲು ಬಿಗಿಯಾಗಿ ಕೂತಿತ್ತು. ಕಬ್ಬಿಣ ಪೇರಿಸುವವನ ಕೈ, ಸುಲಭಕ್ಕೆ ಅಲ್ಲಾಡುವಂತೆ ಇಟ್ಟಿರಲಿಲ್ಲ. ಒಂದೊಂದಾಗಿ ಒಂಬತ್ತು ಕಲ್ಲು ತೆಗೆದು ಅರಿವೆಯ ಮೇಲಿಟ್ಟ. ರೇವಣಸಿದ್ದನ ಕೈ ಇಟ್ಟ ಕಲ್ಲುಗಳು ಇವು ಎಂಬುದು ತಲೆಗೆ ಬಂತು, ಎದೆಗೆ ಇಳಿಯಲಿಲ್ಲ. ನೀಲಿ ಮೀನು ಬಯಲಾದ ಮೂಲೆಯಲ್ಲಿ ಎರಡು ಸುತ್ತು ಹಾಕಿ ಗಾಜಿಗೆ ಮೂಗು ತಾಗಿಸಿ ನಿಂತಿತು. ಅವನು ಕಲ್ಲನ್ನೆಲ್ಲ ನಡುವೆ ಮತ್ತು ಆಚೆ ಬದಿಗೆ ಹರಡಿ, ಆರನ್ನೂ ಒಟ್ಟಿಗೆ ಬಿಟ್ಟ. ನೀಲಿಯದು ಒಂದು ಹಳದಿಯನ್ನು ಅಟ್ಟಿತು, ಅಷ್ಟರಲ್ಲಿ ಕೇಸರಿಯದು ಅಡ್ಡ ಬಂತು, ಬಿಳಿಯದು ಹಿಂದಿನಿಂದ ಹಾದುಹೋಯಿತು. ಅಟ್ಟುವುದನ್ನು ಬಿಟ್ಟು ಅದೂ ಉಳಿದವುಗಳ ಹಾಗೆ ಕಲ್ಲು ಮೂಸುತ್ತ ತಿರುಗತೊಡಗಿತು.

ಸೋಮವಾರ ಎದ್ದಾಗ ಏಳೂ ಇದ್ದವು. ಒಂದು ಹಳದಿಯ ಬಾಲ ಚೂರು ಹರಿದಿತ್ತು. ಮಹಾದೇವಪ್ಪ ಮೀನಿಗೆ ಕಾಳು ಹಾಕಿದ, ಮೂಲೆಯಲ್ಲಿದ್ದ ಗೋಣಿ ಕೊಡವಿ ಹೆಗಲಿಗೆ ಹಾಕಿಕೊಂಡ. ಗುರಮ್ಮ ಕೇಳದೆಯೇ ರೊಟ್ಟಿ ಕಟ್ಟಿಕೊಟ್ಟಳು.

ಬಜಾರಿನಲ್ಲಿ ಭೀಮಾಶಂಕರ ಇಬ್ಬರ ಹೆಗಲ ಮೇಲೆ ಕೋಲಿಟ್ಟ. ಕೋಲು ಮಹಾದೇವಪ್ಪನ ಕಡೆಗೆ ಜಾರಿತು. ಟೋಳಿಯವರು ನೋಡುತ್ತಿದ್ದರು. ಸಿದ್ರಾಮ ಹೋಗಿ ಕಬ್ಬಿಣದ ಆಂಗಲ್‌ಗಳ ಕಟ್ಟಿನ ಮುಂದಿನ ತುದಿಗೆ, ಅಣ್ಣ ನಿಲ್ಲುತ್ತಿದ್ದ ಕಡೆ ನಿಂತ.

“ಅಲ್ಲಿ ಬ್ಯಾಡ. ನೀ ಹಿಂದ ಬಾ,” ಎಂದ ಮಹಾದೇವಪ್ಪ.

“ಕಾಕಾ, ನೀವು ಯಾವಾಗ್ಲೂ ಹಿಂದ ಅಂತ ಕೇಳಿದ್ದೆ.”

“ಇವತ್ತಿಂದ ಮುಂದ.”

ಎತ್ತಿದರು. ಹದಿನಾಲ್ಕು ವರ್ಷ ಕಣ್ಣೆದುರು ಇದ್ದ ಬೆನ್ನಿನ ಜಾಗದಲ್ಲಿ ಈಗ ಕೆಸರು ರಸ್ತೆ, ಸಾಲು ಲಾರಿ, ಹೊಸ ಹಗ್ಗ ಕಟ್ಟಿದ ಕ್ರೇನು. ಭಾರ ಅವನ ಕಡೆಗೇ ಜಾರುತ್ತಿತ್ತು. ಮೂವತ್ತು ಹೆಜ್ಜೆಗೆ ತುಂಬಬೇಕಾದ ಲಾರಿಯ ಬಳಿ ಮುಟ್ಟಿದರು. ಈಗ ಕೂಗು ಕೊಡಬೇಕಾದವನು ಇವನೇ. ಹಿಂದಿನವನ ಉಸಿರು ಕೇಳಿಸುತ್ತಿತ್ತು, ಕಾಯುತ್ತಿದ್ದ.

“ಹೂಂ,” ಎಂದ ಮಹಾದೇವಪ್ಪ.

ಎರಡೂ ತುದಿ ಒಟ್ಟಿಗೇ ಬಿದ್ದವು.

ಸಿದ್ರಾಮ ಕುತ್ತಿಗೆ ಒರೆಸಿಕೊಂಡ. “ಭಾರ ನಿಮ್ಮ ಕಡೆ ಬಂತೇನ್ರಿ ಕಾಕಾ?”

“ಬಂತು.”

“ಮತ್ತ?”

“ನಾಳಿ ಹೆಗಲಿಗೆ ಇನ್ನೊಂದು ಗೋಣಿ ಮಡಚಿ ಹಾಕ್ಕೋತೀನಿ. ನಡಿ, ಲಾರಿ ಇನ್ನೂ ಅರ್ಧ ಖಾಲಿ ಅದ.”