ಅವರೆ ಎಂದು ಬರೆಸಿಕೊಂಡ ರಾಗಿ ಹೊಲ

ನಮ್ಮ ಹೊಲ ಹತ್ತಿರದ ಮಧುರೆ ಊರಿಗೆ ಹೋಗುವ ರಸ್ತೆಗೆ ಅಂಟಿಕೊಂಡಿದೆ. ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವವರಿಗೂ ಅಲ್ಲಿ ರಾಗಿ ಬೆಳೆದಿರುವುದು ಕಾಣುತ್ತದೆ. ಕಾಣದೇ ಹೋದದ್ದು ಸರ್ಕಾರಕ್ಕೆ ಮಾತ್ರ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಊರಿನ ರಾಗಿಯೆಲ್ಲ ನೆಲಕ್ಕೆ ಮಲಗಿತು. ತೆನೆಯಲ್ಲೇ ಮೊಳಕೆ ಬಂತು. ಆಮೇಲೆ ಅಕ್ಕಪಕ್ಕದ ಹೊಲದವರ ಖಾತೆಗೆ ಬೆಳೆ ಪರಿಹಾರ ಬಿತ್ತು. ನಮ್ಮ ಪಹಣಿ ಇರುವುದು ಅತ್ತೆಯ ಹೆಸರಿನಲ್ಲಿ. ಮುಂದಿನ ಉಳುಮೆಯ ಟ್ರ್ಯಾಕ್ಟರ್ ಬಾಡಿಗೆಗೆ ಅವರು ಆ ದುಡ್ಡನ್ನೇ ನೆಚ್ಚಿಕೊಂಡಿದ್ದರು. ಬರಲಿಲ್ಲ. ಇಬ್ಬರೂ ಕೃಷಿ ಕಚೇರಿಗೆ ಹೋದೆವು.

ಗುಮಾಸ್ತರು ಕಂಪ್ಯೂಟರ್ ನೋಡಿ, "ನಿಮ್ದು ಅವರೆ ಕಣಮ್ಮ. ಅವರೆಗೆ ಹಾನಿ ಆಗಿಲ್ವಲ್ಲ" ಎಂದರು.

"ರಾಗಿ ಸ್ವಾಮಿ. ಅವರೆ ಅಕ್ಕಡಿಗೆ ಹಾಕಿರೋದು," ಎಂದರು ಅತ್ತೆ.

ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ ಬಿತ್ತುವುದೇ ಅಕ್ಕಡಿ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಬೆಳೆ ಸರ್ವೆಗೆ ಬಂದವನು ಬೈಕಿನಿಂದ ಇಳಿಯದೆ, ರಸ್ತೆ ಬದಿಯ ಮೊದಲ ಸಾಲಿನ ಫೋಟೋ ಹೊಡೆದುಕೊಂಡು ಹೋಗಿದ್ದ. ಆ ಸಾಲು ಅವರೆಯದು. ತಪ್ಪು ತಿದ್ದಿ ಎಂದರೆ ಆಕ್ಷೇಪಣೆ ಹಾಕುವ ಅವಧಿ ಮುಗಿದಿದೆಯಂತೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರು ಮೀಟಿಂಗಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಸರ್ವೆಯವನು ಹೊಲಕ್ಕೆ ಕಾಲೇ ಇಟ್ಟಿಲ್ಲ ಎಂದು ದೂರು ಕೊಟ್ಟು ಬಂದೆ.

ಈ ವರ್ಷ ಬಿತ್ತನೆಯ ಹೊತ್ತಿಗೆ, "ಅಕ್ಕಡಿ ಬೇಡ ಅತ್ತೆ, ಬರೀ ರಾಗಿ ಹಾಕೋಣ" ಎಂದೆ.

"ಮುದ್ದೆಗೆ ಸಾರು ನಿಮ್ಮಪ್ಪನ ಮನೆಯಿಂದ ತರ್ತೀಯಾ?" ಎಂದರು.

ಅತ್ತೆಯದು ಒಂದು ಹಟವಾದರೆ ನನ್ನದು ಇನ್ನೊಂದು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ರಸ್ತೆ ಬದಿಗೆ ಅಚ್ಚ ರಾಗಿ, ಅವರೆ ಸಾಲುಗಳೆಲ್ಲ ಹೊಲದ ನಡುವೆ. ರಸ್ತೆಯಲ್ಲಿ ನಿಂತು ಎಷ್ಟು ಫೋಟೋ ಬೇಕಾದರೂ ಹೊಡೆದುಕೊಳ್ಳಲಿ. ಅತ್ತೆ ಗೊಣಗುತ್ತಲೇ ಒಪ್ಪಿದರು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ.

ರಾಗಿ ಚೆನ್ನಾಗಿಯೇ ಬಂತು. ಕೊಯ್ಲಿಗೆ ಸರಿಯಾಗಿ ಈ ಸಲವೂ ಮಳೆ ಹಿಡಿಯಿತು, ರಾಗಿ ಮಲಗಿತು. ಪರಿಹಾರ ಕೊಡುತ್ತಾರೆಂದು ಊರಲ್ಲಿ ಮಾತು ಶುರುವಾಯಿತು. ಈ ಬಾರಿ ನಾನು ಕಾಯಲಿಲ್ಲ. ಮಳೆ ಬಿಟ್ಟ ದಿನವೇ ಸರ್ವೆಯವನಿಗೆ ಫೋನ್ ಮಾಡಿ ನಮ್ಮ ಹೊಲಕ್ಕೆ ಏನು ಬರೆದಿದ್ದೀಯಪ್ಪ ಎಂದು ಕೇಳಿದೆ.

"ಅವರೆ ಅಕ್ಕ," ಎಂದ. "ಹೋದ್ಸಲ ನೀವು ಕಂಪ್ಲೇಂಟ್ ಕೊಟ್ರಲ್ಲ, ಆಮೇಲೆ ಆರ್ಡರ್ ಆಗೈತೆ. ರಸ್ತೇಲಿ ನಿಂತು ಫೋಟೋ ತೆಗೆಯಂಗಿಲ್ಲ, ಹೊಲದ ನಡುಮಧ್ಯಕ್ಕೇ ಹೋಗ್ಬೇಕು. ನಿಮ್ಮ ಹೊಲಕ್ಕಂತೂ ಮರೀದೆ ಒಳಗೋಗಿ ತೆಗ್ದೆ."

"ಆಕ್ಷೇಪಣೆ ಹಾಕ್ಬೋದಾ?"

"ಹೋದ ವಾರ ಮುಗೀತಲ್ಲಕ್ಕ."

ಅವನನ್ನು ಬೈಯೋಣವೆಂದರೆ, ಅವನು ಮಾಡಿದ್ದು ನಾನು ಕೇಳಿದ್ದನ್ನೇ. ಫೋನ್ ಇಟ್ಟು ಹೊಲಕ್ಕೆ ಹೋದೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು, ಕೆಸರಿನಲ್ಲಿ ಮಲಗಿದ್ದ ರಾಗಿಯನ್ನು ಹಿಡಿಹಿಡಿಯಾಗಿ ಎತ್ತಿ ಕೊಯ್ಯುತ್ತಿದ್ದರು.

"ಏನಂದ?" ಎಂದು ಕೇಳಿದರು.

"ಈ ಸಲಾನೂ ಅವರೆ ಅಂತ ಬರ್ಕೊಂಡವ್ನೆ."

ಅತ್ತೆ ಸೊಂಟ ನೆಟ್ಟಗೆ ಮಾಡಿ ನಿಂತರು. ಕೈಯಲ್ಲಿದ್ದ ತೆನೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಂಗಾರೆ ನಾನು ಇಲ್ಲಿ ಕೊಯ್ತಾ ಇರೋದೇನು?" ಎಂದರು.

ನಾನು ಬದುವಿನ ಮೇಲಿದ್ದ ಇನ್ನೊಂದು ಕುಡುಗೋಲು ತೆಗೆದುಕೊಂಡು ಅವರ ಪಕ್ಕದಲ್ಲಿ ಬಗ್ಗಿದೆ.